ಅಪಘಾತದ ದಾಖಲೆ ಸರಿ ಇರಬೇಕು ಅಂದ್ರೆ ಗುತ್ತಿಗೆಯಲ್ಲಿ ಏನು ಬರೆಯಬೇಕು?

ಹೊಂಗೆಮರ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಾನು ಒಂದು ಜಿಲ್ಲೆಯಲ್ಲಿ ಇ-ಡಾರ್‌ ತಾಂತ್ರಿಕ ಬೆಂಬಲದ ಕೆಲಸ ಮಾಡುತ್ತಿದ್ದೇನೆ. ಹೊರಗುತ್ತಿಗೆ. ನಾಲ್ಕು ವರ್ಷ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇ-ಡಾರ್ ಅಂದ್ರೆ ರಸ್ತೆ ಅಪಘಾತಗಳ ಆನ್‌ಲೈನ್ ದಾಖಲೆ ವ್ಯವಸ್ಥೆ. ರಸ್ತೆ ಅಪಘಾತ ಆದರೆ ಪೊಲೀಸರು ಮೊಬೈಲ್ ಆ್ಯಪ್‌ನಲ್ಲಿ ಜಾಗ, ಫೋಟೋ, ವಾಹನ, ಗಾಯಾಳುಗಳ ವಿವರ ಹಾಕುತ್ತಾರೆ. ಅಲ್ಲಿಂದ ಅದು ಆರ್‌ಟಿಒ, ರಸ್ತೆ ಇಲಾಖೆ, ಆಸ್ಪತ್ರೆಗೆ ಹೋಗುತ್ತದೆ. ಅವರವರ ಭಾಗವನ್ನು ಅವರು ತುಂಬಬೇಕು. ಮೊದಲು ಇದಕ್ಕೆ ಐರ್ಯಾಡ್ ಅಂತಿದ್ದರು. ಐಐಟಿ ಮದ್ರಾಸ್ ರೂಪಿಸಿದ್ದು, ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಜಾರಿಗೆ ತಂದಿದ್ದು. ವಿಶ್ವಬ್ಯಾಂಕ್ ನೆರವಿನ 258 ಕೋಟಿ ರೂಪಾಯಿ ಯೋಜನೆ. ಮೊದಲು ಶುರುವಾದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು.

ನನ್ನ ಕರಾರಿನಲ್ಲಿ ಇರುವುದು ಇಷ್ಟು: ತರಬೇತಿ ಕೊಡುವುದು, ಲಾಗಿನ್ ಸಮಸ್ಯೆ ಬಿಡಿಸುವುದು, ತಿಂಗಳ ವರದಿ ಕಳಿಸುವುದು. ಹಾಜರಾತಿ ಹಾಳೆಗೆ ಸಹಿ ಬಿದ್ದರೆ ಏಜೆನ್ಸಿಯ ಬಿಲ್ ಪಾಸಾಗುತ್ತದೆ. ಒಳಗೆ ಹೋಗಿ ಕೂತ ಮಾಹಿತಿ ಸರಿಯಿದೆಯಾ ಅಂತ ನೋಡುವುದು ಅದರಲ್ಲಿ ಎಲ್ಲೂ ಇಲ್ಲ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನಕ್ಷೆ ತೆರೆದು ಕೂತಿದ್ದೆ. ಒಂದು ಠಾಣೆಯ ವ್ಯಾಪ್ತಿಯಲ್ಲಿ ಕೆಂಪು ಚುಕ್ಕೆಗಳು ಒಂದೇ ಕಡೆ ಗುಂಪಾಗಿದ್ದವು. ಇಪ್ಪತ್ತಕ್ಕೂ ಜಾಸ್ತಿ. ಇಷ್ಟು ಕೆಟ್ಟ ಜಾಗ ಯಾವುದಪ್ಪಾ ಅಂತ ದೊಡ್ಡದು ಮಾಡಿ ನೋಡಿದೆ. ಠಾಣೆಯದೇ ಆವರಣ! ಹಿಂದೆ ಒಂದು ಹೊಂಗೆ ಮರ ಇದೆ, ಜಪ್ತಿ ಮಾಡಿದ ಬೈಕುಗಳನ್ನು ಅದರ ಕೆಳಗೆ ನಿಲ್ಲಿಸುತ್ತಾರೆ. ನಕ್ಷೆಯ ಪ್ರಕಾರ ಅಷ್ಟೂ ಅಪಘಾತ ಆ ಮರದ ಕೆಳಗೇ ಆಗಿದ್ದವು. ಅದರಲ್ಲಿ ನಾಲ್ಕು ಸಾವು.

ಕಾರಣ ಆಮೇಲೆ ಗೊತ್ತಾಯಿತು. ಘಟ್ಟದಲ್ಲಿ ನೆಟ್‌ವರ್ಕ್ ಸಿಗಲ್ಲ. ಸಿಬ್ಬಂದಿ ಸ್ಥಳದ ಕೆಲಸ ಮುಗಿಸಿ ಠಾಣೆಗೆ ಬಂದು ಆ್ಯಪ್ ತೆರೆಯುತ್ತಾರೆ. ಫೋನ್ ಆಗ ಎಲ್ಲಿದೆಯೋ ಆ ಜಾಗವನ್ನೇ ಹಿಡಿದುಕೊಳ್ಳುತ್ತದೆ. ಅವರು ಬದಲಾಯಿಸಲು ಮರೆತರೆ ಮುಗೀತು.

ಈಗ ವಿಷಯಕ್ಕೆ ಬರುತ್ತೇನೆ. ಜಿಲ್ಲಾ ಮಟ್ಟದಲ್ಲಿ ಹೆಚ್ಚುವರಿ ಬೆಂಬಲಕ್ಕೆ ಒಂದು ಚಿಕ್ಕ ಟೆಂಡರ್ ಕರೆಯುವ ಯೋಚನೆ ಇದೆ. ರಸ್ತೆ ಸುರಕ್ಷತಾ ಸಮಿತಿ ಮುಂದಿಡಲು ಎರಡು ಪುಟದ ಟಿಪ್ಪಣಿ ಬರೆದುಕೊಡು ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದಾರೆ. ಇಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಸುಮ್ನೆ ಹಳೆಯ ಟೆಂಡರ್ ನಕಲು ಮಾಡಿ ಕೊಡಲು ಮನಸ್ಸಿಲ್ಲ. ಏನು ಬರೆಯಲಿ?

---

ಖಾಕಿಕಾಲ · ಶನಿವಾರ ರಾತ್ರಿ 10:25

ಅಮ್ಮಾ, ನಾನು ಎಎಸ್‌ಐ ಆಗಿ ನಿವೃತ್ತಿ ಆದವನು. ಸರ್ವೀಸಿನ ಕೊನೆಯ ಎರಡು ವರ್ಷ ಈ ಆ್ಯಪ್ ಬಳಸಿದ್ದೇನೆ. ನೀನು ಬರೆದಿದ್ದು ನಿಜ. ಆದರೆ ಆ ರಾತ್ರಿ ಹೇಗಿರುತ್ತೆ ಅನ್ನುವುದೂ ಟಿಪ್ಪಣಿಯಲ್ಲಿ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಲಾರಿ, ಟೆಂಪೋ ಡಿಕ್ಕಿ. ಜೀಪಿನಲ್ಲಿ ಇರುವುದು ನಾನು, ಡ್ರೈವರ್, ಒಬ್ಬ ಕಾನ್‌ಸ್ಟೇಬಲ್. ಮೊದಲು ಜೀವ ಇರುವವರನ್ನು ಎತ್ತಬೇಕು. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಎರಡೂ ಕಡೆ ಗಾಡಿ ನಿಂತಿರುತ್ತವೆ, ಹಿಂದಿನಿಂದ ಇನ್ನೊಂದು ಬಂದು ಗುದ್ದದ ಹಾಗೆ ಟಾರ್ಚ್ ಹಿಡಿದು ನಿಲ್ಲಬೇಕು. ಮಳೆ. ಕೈಯೆಲ್ಲ ರಕ್ತ. ಆ ಕೈಯಲ್ಲಿ ಸ್ವಂತ ಫೋನ್ ತೆಗೆದು, ಸ್ವಂತ ಡೇಟಾದಲ್ಲಿ, ರಸ್ತೆ ಎಷ್ಟು ಅಗಲ, ಬೆಳಕು ಹೇಗಿತ್ತು ಅಂತ ಒತ್ತುತ್ತಾ ಕೂರಲು ಆಗಲ್ಲಮ್ಮಾ. ಮಹಜರ್ ಬರೆಯುವುದೇ ಬೆಳಿಗ್ಗೆ ಪಂಚರು ಸಿಕ್ಕ ಮೇಲೆ.

ಆಮೇಲೆ ಠಾಣೆಗೆ ಬಂದು ಎಫ್‌ಐಆರ್‌ಗೆ ಒಂದು ಸಲ, ಆ್ಯಪ್‌ಗೆ ಒಂದು ಸಲ ಅದೇ ಹೆಸರು, ಅದೇ ಗಾಡಿ ನಂಬರ್ ಹೊಡೆಯಬೇಕು. ನಾನಿದ್ದಾಗ ಹಾಗಿತ್ತು. ಎರಡನೇ ಸಲ ಹೊಡೆಯುವಾಗ ಕಣ್ಣು ಕೂರುತ್ತಿರುತ್ತೆ.

ಬೆಂಬಲ ಅಂದ್ರೆ ನಮಗೆ ಬೇಕಿದ್ದದ್ದು ಮಾರನೇ ದಿನ ಹತ್ತು ಗಂಟೆಗೆ ಒಬ್ಬರು ಬಂದು ಪಕ್ಕದಲ್ಲಿ ಕೂತು, 'ಸರ್, ನಿನ್ನೆದು ನೋಡೋಣ ಬನ್ನಿ' ಅನ್ನುವುದು. ಹೆಲ್ಪ್‌ಲೈನ್ ನಂಬರ್ ಗೋಡೆ ಮೇಲೆ ಅಂಟಿಸಿದ್ದರು, ಅಷ್ಟೇ.

---

ಕೋಡರ್_ಮೈಸೂರು · ಶನಿವಾರ ರಾತ್ರಿ 10:50

ಇದಕ್ಕೆ ತಂತ್ರಾಂಶದಲ್ಲೇ ಪರಿಹಾರ ಇದೆ ಅಲ್ವಾ? ಠಾಣೆಯ ಸುತ್ತ 200 ಮೀಟರ್ ಬೇಲಿ ಹಾಕಿ. ಒಳಗಿನಿಂದ ಜಾಗ ಹಾಕಿದರೆ ಸ್ವೀಕರಿಸಬಾರದು. ಒಂದು ದಿನದ ಕೆಲಸ.

---

ಖಾಕಿಕಾಲ · ಶನಿವಾರ ರಾತ್ರಿ 10:58

ಮಗಾ, ಹಾಗೆ ಮಾಡಿದರೆ ಸಿಬ್ಬಂದಿ ಗೇಟ್ ದಾಟಿ ಹೋಟೆಲ್ ಹತ್ತಿರ ನಿಂತು ಹಾಕುತ್ತಾರೆ. ಆಗ ತಪ್ಪು ಎಲ್ಲಿದೆ ಅಂತ ಹುಡುಕಲೂ ಆಗಲ್ಲ. ಮರದ ಕೆಳಗೆ ಗುಂಪಾಗಿದ್ದಕ್ಕೆ ತಾನೇ ಈ ಹುಡುಗಿಗೆ ಕಂಡಿದ್ದು?

---

ಕೋಡರ್_ಮೈಸೂರು · ಶನಿವಾರ ರಾತ್ರಿ 11:05

ಹೌದು ಸರ್, ಅದು ಹೊಳೆದಿರಲಿಲ್ಲ. ಹಾಗಾದರೆ ತಡೆಯುವುದು ಬೇಡ. 'ನೀವು ಠಾಣೆಯಲ್ಲಿದ್ದೀರಿ, ಅಪಘಾತದ ಜಾಗ ಇದೇನಾ?' ಅಂತ ಕೇಳಿದರೆ ಸಾಕು. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇಟ್ಟು ಸ್ಥಳದಲ್ಲಿ ಫೋಟೋ ತೆಗೆದಿದ್ದರೆ ಅದರೊಳಗೇ ಜಾಗ ಇರುತ್ತದೆ, ಅದನ್ನೂ ಎತ್ತಿಕೊಳ್ಳಬಹುದು. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ. ಆಕಾಶ ಕಂಡರೆ ಆಯಿತು. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

---

ಹೊಂಗೆಮರ · ಶನಿವಾರ ರಾತ್ರಿ 11:20

ಇದನ್ನು ನಾಳೆಯೇ ತರಬೇತಿಯಲ್ಲಿ ಹೇಳುತ್ತೇನೆ. ನೆಟ್ ಇಲ್ಲ ಅಂದ್ರೆ ಜಿಪಿಎಸ್ಸೂ ಇಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಸ್ಥಳದಲ್ಲಿ ಒಂದು ಫೋಟೋ ಹೊಡೆದು ಇಟ್ಟುಕೊಂಡರೂ ಅರ್ಧ ತೊಂದರೆ ಕಮ್ಮಿ.

ಆದರೆ ಆ್ಯಪ್ ಬದಲಾಯಿಸುವುದು ಜಿಲ್ಲೆಯ ಕೈಯಲ್ಲಿ ಇಲ್ಲ ಅಣ್ಣ. ಅದು ಕೇಂದ್ರದ್ದು. ನಮ್ಮ ಕೈಯಲ್ಲಿರುವುದು ಈ ಬೆಂಬಲದ ಗುತ್ತಿಗೆ ಮಾತ್ರ.

---

ರಸ್ತೆಇಂಜಿನಿಯರ್ · ಭಾನುವಾರ ಬೆಳಿಗ್ಗೆ 7:15

ನಾನು ಈ ದಾಖಲೆ ಇಟ್ಟುಕೊಂಡು ರಸ್ತೆ ಸರಿ ಮಾಡಬೇಕಾದವನು. ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಹೇಳುತ್ತೇನೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ಲ್ಯಾಕ್‌ಸ್ಪಾಟ್ ಅನ್ನಲು ಒಂದು ಲೆಕ್ಕ ಇದೆ. ಸುಮಾರು 500 ಮೀಟರ್ ಉದ್ದದೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆ ಲೆಕ್ಕ ಕೂಡಿದರೆ ಅದನ್ನು ಇಟ್ಟುಕೊಂಡು ದುಡ್ಡು ಕೇಳಬಹುದು. ಈಗ ಐದರಲ್ಲಿ ಎರಡು ಚುಕ್ಕೆ ಹೊಂಗೆ ಮರದ ಕೆಳಗೆ ಹೋಗಿ ಕೂತರೆ ಆ ತಿರುವು ಪಟ್ಟಿಗೆ ಬರುವುದೇ ಇಲ್ಲ. ಕ್ರ್ಯಾಶ್ ಬ್ಯಾರಿಯರ್ ಇಲ್ಲ, ಫಲಕ ಇಲ್ಲ. ಮುಂದಿನ ಮಳೆಗೆ ಮತ್ತೊಬ್ಬರು ಹೋಗುತ್ತಾರೆ.

ಇನ್ನೊಂದು ತೊಂದರೆ ಯಾರೂ ಮಾತಾಡಲ್ಲ. ರಸ್ತೆಯ ನಂಬರ್. 2010ರಲ್ಲಿ ಹೆದ್ದಾರಿಗಳ ನಂಬರ್ ಎಲ್ಲ ಬದಲಾದವು. ಹಾಸನ, ಸಕಲೇಶಪುರದ ಮೇಲೆ ಮಂಗಳೂರಿಗೆ ಹೋಗುವ ರಸ್ತೆ ಮೊದಲು 48, ಈಗ 75. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆಗೆ ಹೋಗುವುದು ಮೊದಲು 4, ಈಗ 48! ಜನರ ಬಾಯಲ್ಲಿ ಹಳೆಯ ನಂಬರೇ ಇದೆ. ಶಿರಾಡಿ ಘಟ್ಟದ ಕಡೆ ಒಬ್ಬರು ಅಭ್ಯಾಸಬಲದಲ್ಲಿ 'ಎನ್‌ಎಚ್ 48' ಅಂತ ಬರೆದರೆ ಪಟ್ಟಿ ತೆಗೆಯುವಾಗ ಆ ಸಾವು ಪುಣೆ ರಸ್ತೆಯ ಲೆಕ್ಕಕ್ಕೆ ಸೇರುತ್ತದೆ. ನಾನೇ ಕೈಯಾರೆ ಇಂಥವು ಎಷ್ಟೋ ಸರಿ ಮಾಡಿದ್ದೇನೆ.

ಕಿಲೋಮೀಟರ್ ಕಲ್ಲಿನ ಕಥೆಯೂ ಹಾಗೆಯೇ. ಅಗಲೀಕರಣ ಆದ ಕಡೆ ಹಳೆಯ ಕಲ್ಲು ಕಿತ್ತು ಹೊಸ ಚೈನೇಜ್ (ರಸ್ತೆ ಶುರುವಾಗುವ ಕಡೆಯಿಂದ ಅಳೆದ ದೂರ) ಬರೆದಿರುತ್ತಾರೆ. ಎಫ್‌ಐಆರ್‌ನಲ್ಲಿ 'ಗಣಪತಿ ಗುಡಿಯಿಂದ ಮುಂದೆ ಸುಮಾರು ಇನ್ನೂರು ಮೀಟರ್' ಅಂತಿರುತ್ತದೆ. ನನಗೆ ಬೇಕಿರುವುದು ಚೈನೇಜ್. ಗುಡಿಗೂ ಚೈನೇಜಿಗೂ ತಾಳೆ ಹಾಕಲು ಕಚೇರಿಯಲ್ಲಿ ಪಟ್ಟಿಯೇ ಇಲ್ಲ.

---

ವಕೀಲರು_ಧಾರವಾಡ · ಭಾನುವಾರ ಬೆಳಿಗ್ಗೆ 9:30

ನೋಡ್ರಿ, ನಮ್ಮ ಕಡೆಯಿಂದಲೂ ಒಂದು ಮಾತು. ಇ-ಡಾರ್ ಅನ್ನೋದು ಬರೀ ನಕ್ಷೆ, ಅಂಕಿ-ಅಂಶಕ್ಕೆ ಅಲ್ಲ. ಪರಿಹಾರದ ಕೇಸೂ ಇದರ ಮೇಲೇ ನಿಂತದ. 2022ರ ಏಪ್ರಿಲ್ 1ರಿಂದ ಹೊಸ ನಿಯಮ ಜಾರಿ ಆಯಿತು. ತನಿಖಾಧಿಕಾರಿ 48 ತಾಸಿನೊಳಗೆ ಮೊದಲ ಅಪಘಾತ ವರದಿಯನ್ನು ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ಪೂರ್ಣ ವರದಿ. ಮೂಲ ಇದು ದೆಹಲಿ ಹೈಕೋರ್ಟಿನ ರಾಜೇಶ್ ತ್ಯಾಗಿ ಪ್ರಕರಣದಿಂದ ಬೆಳೆದು ಬಂದದ್ದು. 2022ರ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮ ಸರಿಯಾಗಿ ಪಾಲಿಸಿ ಅಂತ ಹೇಳ್ತು.

ಗಾಡಿ ನಂಬರಿನಾಗ ಒಂದು ಅಂಕಿ ತಪ್ಪಾದ್ರ ಏನಾಗ್ತದ ಗೊತ್ತೇನ್ರಿ? ಬ್ಯಾರೆ ಯಾರದೋ ಇನ್ಶೂರೆನ್ಸ್ ಕಂಪನಿಗೆ ನೋಟಿಸ್ ಹೋಗ್ತದ. ಅವರು 'ನಮ್ಮ ಪಾಲಿಸಿ ಅಲ್ಲ' ಅಂತಾರ. ತಿದ್ದುಪಡಿ ಅರ್ಜಿ, ಮುಂದಿನ ತಾರೀಖು, ಮತ್ತ ತಾರೀಖು. ನನ್ನ ಕಕ್ಷಿದಾರ ಹೆಣ್ಮಗಳು ಒಬ್ಬಾಕಿ ಎರಡು ಮಕ್ಕಳನ್ನ ಕರಕೊಂಡು ಬಸ್ಸಿನಾಗ ಬರ್ತಿದ್ಲು, ಪ್ರತಿ ತಾರೀಖಿಗೂ. ಒಂದು ಅಂಕಿಗಾಗಿ.

ನಿಮ್ಮ ಟಿಪ್ಪಣಿಯಾಗ ಇದನ್ನ ಬರೀರಿ.

---

ಕಾಫಿಹೂವು · ಭಾನುವಾರ ಬೆಳಿಗ್ಗೆ 10:10

ನಾನು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಹೋದ ವರ್ಷ ನನ್ನ ತಮ್ಮ ಬೈಕ್ ಅಪಘಾತದಲ್ಲಿ ಹೋದ. ಅಪಘಾತ ಆದ ದಿನ ಮಾತಾಡುತ್ತಿದ್ದ. ಬೇರೆ ಜಿಲ್ಲೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂಬತ್ತನೇ ದಿನ ಹೋದ. ಕೋರ್ಟ್ ಕಾಗದದಲ್ಲಿ ಕಲಂ ಬದಲಾಗಿದೆ, ನಿರ್ಲಕ್ಷ್ಯದಿಂದ ಆದ ಸಾವಿನ ಕಲಂ 106 ಅಂತ ಸೇರಿಸಿದ್ದಾರೆ. ಆದರೆ ವಕೀಲರು ತೆಗೆದುಕೊಟ್ಟ ಅಪಘಾತ ವರದಿಯಲ್ಲಿ ಅವನ ಹೆಸರಿನ ಮುಂದೆ ಇನ್ನೂ 'ಗಂಭೀರ ಗಾಯ' ಅಂತಲೇ ಇದೆ. ಅಮ್ಮನಿಗೆ ಅದನ್ನು ಓದಿ ಹೇಳಲು ನನಗೆ ಆಗಲಿಲ್ಲ. ಇದನ್ನು ಸರಿ ಮಾಡಿಸಬಹುದಾ?

---

ಹೊಂಗೆಮರ · ಭಾನುವಾರ ಬೆಳಿಗ್ಗೆ 10:22

ಅಕ್ಕಾ, ಖಂಡಿತ ಬರೆಯಬಹುದು. ಸರಿ ಮಾಡಿಸಲೂ ಬಹುದು. ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ, ಶವಪರೀಕ್ಷೆ (ಪಿಎಂ) ವರದಿ ಮೂರನ್ನೂ ತೆಗೆದುಕೊಂಡು ಕೇಸ್ ದಾಖಲಾದ ಠಾಣೆಗೇ ಹೋಗಿ, ತನಿಖಾಧಿಕಾರಿಯನ್ನು ಕೇಳಿ. ಅವರ ಲಾಗಿನ್‌ನಿಂದ ಬದಲಾಯಿಸಬೇಕು. ಅಪಘಾತ ಆಗಿ 30 ದಿನದೊಳಗೆ ಹೋದರೆ ಅದನ್ನು ರಸ್ತೆ ಅಪಘಾತದ ಸಾವು ಅಂತಲೇ ಲೆಕ್ಕ ಹಿಡಿಯುತ್ತಾರೆ. ಅಲ್ಲಿ ಆಗಲ್ಲ ಅಂದರೆ ನಿಮ್ಮ ಜಿಲ್ಲೆಯ ಬೆಂಬಲ ಸಿಬ್ಬಂದಿ ಎಸ್‌ಪಿ ಕಚೇರಿಯಲ್ಲಿ ಕೇಳಿದರೆ ಸಿಗುತ್ತಾರೆ. ನಂಬರ್, ಹೆಸರು ಇಲ್ಲಿ ಹಾಕಬೇಡಿ.

---

ಶಿಫ್ಟ್‌ನರ್ಸ್ · ಭಾನುವಾರ ಬೆಳಿಗ್ಗೆ 11:00

ತಾಲ್ಲೂಕು ಆಸ್ಪತ್ರೆ, ಎಮರ್ಜೆನ್ಸಿ. ಇದು ಎಲ್ಲಿ ತಪ್ಪುತ್ತೆ ಅಂತ ನನಗೆ ಗೊತ್ತು. ನಾವು ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ) ಬರೆದು ರೆಫರ್ ಮಾಡುತ್ತೇವೆ. ದೊಡ್ಡ ಆಸ್ಪತ್ರೆಯಲ್ಲಿ ಸತ್ತರೆ ಮಾಹಿತಿ ಅಲ್ಲಿಯ ಠಾಣೆಗೆ ಹೋಗುತ್ತೆ, ಅಲ್ಲಿಂದ ಇಲ್ಲಿಯ ಠಾಣೆಗೆ ಕಾಗದದಲ್ಲಿ ಬರುತ್ತೆ. ಆ್ಯಪ್‌ನಲ್ಲಿ ಬದಲಾಯಿಸಬೇಕು ಅಂತ ಆಗ ಯಾರಿಗೂ ನೆನಪಿರಲ್ಲ. ನಮ್ಮಲ್ಲಿ ಲಾಗಿನ್ ಇದ್ದ ಡಾಟಾ ಎಂಟ್ರಿ ಹುಡುಗ ಬಿಟ್ಟು ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಮೂರು ತಿಂಗಳು.

2025ರ ಮೇ ತಿಂಗಳಿಂದ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ, ಏಳು ದಿನದವರೆಗೆ ಒಂದೂವರೆ ಲಕ್ಷ. ಅದಕ್ಕೂ ಇದೇ ಇ-ಡಾರ್ ದಾಖಲೆ ಬೇಕು. ಹಾಗಾಗಿ ಈಗ ಲಾಗಿನ್ ಇಲ್ಲ ಅಂದ್ರೆ ಗಾಯಾಳು ಕಡೆಯವರೇ ದುಡ್ಡು ಹುಡುಕಬೇಕಾಗುತ್ತೆ.

---

ಟೆಂಡರ್‌ಕೆಲಸ · ಭಾನುವಾರ ಮಧ್ಯಾಹ್ನ 1:40

ಬೆಂಗಳೂರಿನಲ್ಲಿ ಹದಿನಾರು ವರ್ಷದಿಂದ ಸರ್ಕಾರಿ ಐಟಿ ಟೆಂಡರ್ ದಾಖಲೆ ಬರೆಯುವುದೇ ನನ್ನ ಕೆಲಸ. ಮೇಡಂ, ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಸಂತೋಷ ಆಯಿತು. ಕೆಲಸ ಮಾಡುವವರನ್ನು ಕೇಳಿ ಬರೆದ ಟೆಂಡರ್ ನಾನು ಕೈಬೆರಳಲ್ಲಿ ಎಣಿಸುವಷ್ಟು ನೋಡಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿ ನೋಡಿ. ನಿಮ್ಮ ಗುತ್ತಿಗೆ 'ಮಾನವ ಸಂಪನ್ಮೂಲ ಪೂರೈಕೆ' ಅಂತ ಕರೆದಿದ್ದು. ಅಂದರೆ ಸರ್ಕಾರ ಕೊಳ್ಳುತ್ತಿರುವುದು ಇಷ್ಟು ಜನ, ಇಷ್ಟು ತಿಂಗಳು. ಸಂಬಳ ಮೊದಲೇ ಗೊತ್ತು, ಪೈಪೋಟಿ ನಡೆಯುವುದು ಏಜೆನ್ಸಿಯ ಸರ್ವಿಸ್ ಚಾರ್ಜ್ ಮೇಲೆ ಮಾತ್ರ. ಎಲ್1, ಅಂದರೆ ಎಲ್ಲರಿಗಿಂತ ಕಮ್ಮಿ ದರ ಬರೆದವರಿಗೆ ಕೆಲಸ. ಕಮ್ಮಿ ಚಾರ್ಜಿಗೆ ಬಂದ ಏಜೆನ್ಸಿ ತರಬೇತಿಗೆ, ಪ್ರಯಾಣಕ್ಕೆ ಖರ್ಚು ಮಾಡುತ್ತದಾ? ಮಾಡಲ್ಲ. ಹಾಜರಾತಿ ಬಿಟ್ಟು ಬೇರೆ ಏನನ್ನೂ ಅಳೆಯದ ಕರಾರಿನಲ್ಲಿ ಹಾಜರಾತಿಯೇ ಕೆಲಸ ಆಗುತ್ತದೆ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ಬೇರೆ ದಾರಿ ಇದೆ. 'ಸೇವೆ' ಅಂತ ಕರೆಯಿರಿ. ಕೇಂದ್ರದಲ್ಲಿ 2021ರ ಅಕ್ಟೋಬರ್‌ನಿಂದ ಕನ್ಸಲ್ಟೆನ್ಸಿ ಅಲ್ಲದ ಸೇವೆಗಳಲ್ಲೂ ಗುಣಮಟ್ಟಕ್ಕೆ 30 ಅಂಕದವರೆಗೆ ತೂಕ ಕೊಡಲು ಅವಕಾಶ ಇದೆ. ನಮ್ಮ ರಾಜ್ಯದ ಟೆಂಡರ್‌ಗೆ 1999ರ ಕೆಟಿಪಿಪಿ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ) ಕಾಯ್ದೆ ಅನ್ವಯ. ಅದರಡಿಯಲ್ಲೂ ಎರಡು ಲಕೋಟೆ ಪದ್ಧತಿ ಇದ್ದೇ ಇದೆ, ತಾಂತ್ರಿಕ ಲಕೋಟೆ ಮೊದಲು, ದರದ ಲಕೋಟೆ ಆಮೇಲೆ. ತಾಂತ್ರಿಕ ಲಕೋಟೆಯಲ್ಲಿ 'ಪೊಲೀಸ್ ಅಥವಾ ಆರೋಗ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ತರಬೇತಿ ಕೊಟ್ಟ ಅನುಭವ' ಕೇಳಿ. ವಹಿವಾಟು ಎಷ್ಟು ಕೋಟಿ ಅಂತ ಕೇಳುವುದಕ್ಕಿಂತ ಅದು ಉಪಯೋಗ.

ಎರಡನೆಯದು ಟಿಕೆಟ್, ಅಂದರೆ ಬೆಂಬಲ ತಂಡದಲ್ಲಿ ದಾಖಲಾದ ದೂರು. 'ದೂರು 24 ಗಂಟೆಯಲ್ಲಿ ಮುಗಿಯಬೇಕು' ಅಂತ ಎಲ್ಲ ಕರಾರಿನಲ್ಲೂ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಏನಾಗುತ್ತದೆ? 23ನೇ ಗಂಟೆಗೆ 'ಬಳಕೆದಾರರಿಗೆ ತಿಳಿಸಲಾಗಿದೆ' ಅಂತ ಹಾಕಿ ಮುಚ್ಚುತ್ತಾರೆ. ದೂರು ಕೊಟ್ಟವರು ಒಪ್ಪಿದ ಮೇಲೇ ಮುಚ್ಚಬೇಕು ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲು ತುಂಬಾ ಕೆಲಸ ಮಾಡುತ್ತದೆ.

ಮೂರನೆಯದು, ಗುತ್ತಿಗೆ ಮುಗಿಯುವ ದಿನ. ಮಾರ್ಚ್ 31ಕ್ಕೆ ಹಳೆಯ ಏಜೆನ್ಸಿ ಹೋಗುತ್ತದೆ, ಏಪ್ರಿಲ್‌ನಲ್ಲಿ ಆದೇಶ ಇರಲ್ಲ, ಮೇನಲ್ಲಿ ಹೊಸಬರು. ನಡುವೆ ಹುಡುಗರು ಸಂಬಳ ಇಲ್ಲದೆ ಬರುತ್ತಾರೆ ಅಥವಾ ಬಿಟ್ಟು ಹೋಗುತ್ತಾರೆ. ನರ್ಸ್ ಅವರು ಹೇಳಿದ ಪಾಸ್‌ವರ್ಡ್ ಕಥೆ ಹುಟ್ಟುವುದು ಇಲ್ಲೇ. ಹೊಸಬರು ಬಂದು ಒಂದು ತಿಂಗಳು ಇಬ್ಬರೂ ಒಟ್ಟಿಗೆ ಕೆಲಸ ಮಾಡಬೇಕು, ಹಸ್ತಾಂತರದ ಪಟ್ಟಿಗೆ ಸಹಿ ಬೀಳುವ ತನಕ ಹಳೆಯವರ ಕೊನೆಯ ಬಿಲ್ ಮತ್ತು ಬ್ಯಾಂಕ್ ಗ್ಯಾರಂಟಿ ಬಿಡಬಾರದು ಅಂತ ಬರೆಯಿರಿ. ಆ ತಿಂಗಳ ದುಡ್ಡನ್ನು ಅಂದಾಜಿನಲ್ಲೇ ಸೇರಿಸಿ, ಇಲ್ಲದಿದ್ದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ.

---

ಓಹಾಯೋಕನ್ನಡಿಗ · ಭಾನುವಾರ ರಾತ್ರಿ 8:05

ಇಲ್ಲಿ ಬೆಳಿಗ್ಗೆ, ಕಾಫಿ ಕುಡಿಯುತ್ತಾ ಇಡೀ ಚರ್ಚೆ ಓದಿದೆ. ನನ್ನ ಊರು ಅರಕಲಗೂಡು ಕಡೆ. ಇಲ್ಲಿ ಅಪಘಾತ ದಾಖಲೆಯ ಡೇಟಾಬೇಸ್ ಕೆಲಸ ಮಾಡುವ ಗುತ್ತಿಗೆದಾರ ಕಂಪನಿಯಲ್ಲಿ ಇದ್ದೇನೆ. ಇಲ್ಲಿಯ ಪದ್ಧತಿ ಹೇಳುತ್ತೇನೆ, ಉಪಯೋಗ ಆದರೆ ಆಗಲಿ.

ಅಮೆರಿಕದಲ್ಲಿ ಸಾವಿನ ಅಪಘಾತಗಳಿಗೆ 1975ರಿಂದ ಫಾರ್ಸ್ ಅನ್ನುವ ರಾಷ್ಟ್ರೀಯ ದಾಖಲೆ ಇದೆ. ನಡೆಸುವುದು ನಿಟ್ಸಾ ಅನ್ನುವ ಕೇಂದ್ರದ ಹೆದ್ದಾರಿ ಸುರಕ್ಷತಾ ಸಂಸ್ಥೆ. ಅಲ್ಲೂ ಅದೇ 30 ದಿನದ ನಿಯಮ. ಪ್ರತಿ ರಾಜ್ಯದಲ್ಲೂ ಇದಕ್ಕಾಗಿಯೇ ತರಬೇತಿ ಪಡೆದ ವಿಶ್ಲೇಷಕರು ಇರುತ್ತಾರೆ. ಅವರು ರಾಜ್ಯದ ನೌಕರರು, ದುಡ್ಡು ಕೇಂದ್ರದ್ದು, ಒಪ್ಪಂದದ ಮೂಲಕ. ಪೊಲೀಸ್ ವರದಿ ಒಂದನ್ನೇ ನಂಬಲ್ಲ. ಮರಣ ಪ್ರಮಾಣಪತ್ರ, ಶವಪರೀಕ್ಷೆ ವರದಿ, ಆಂಬುಲೆನ್ಸ್ ದಾಖಲೆ, ಲೈಸೆನ್ಸ್ ದಾಖಲೆ, ರಸ್ತೆ ದಾಖಲೆ ಎಲ್ಲ ಎದುರಿಗೆ ಇಟ್ಟುಕೊಂಡು ಒಂದೊಂದೇ ಸಾವನ್ನು ತಾಳೆ ನೋಡುತ್ತಾರೆ. ಕಾಫಿಹೂವು ಅವರ ತಮ್ಮನಂಥ ಪ್ರಕರಣ ಸಿಕ್ಕುವುದೇ ಆ ತಾಳೆಯಲ್ಲಿ.

ಸಾಫ್ಟ್‌ವೇರ್, ಸರ್ವರ್, ತಾಂತ್ರಿಕ ನೆರವು ಇದೆಲ್ಲ ನಮ್ಮಂಥ ಕಂಪನಿಗಳ ಕೆಲಸ. ಅಪಘಾತದ ಮಾಹಿತಿಯನ್ನು ತಾಳೆ ನೋಡಿ ಸರಿ ಅನ್ನುವ ಜವಾಬ್ದಾರಿ ಆ ನೌಕರರದ್ದು. ಗುತ್ತಿಗೆ ಕಂಪನಿ ಬದಲಾದರೂ ಆ ವ್ಯಕ್ತಿ ಅಲ್ಲೇ ಇರುತ್ತಾರೆ. ಇದು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ ನನಗೆ.

ಇನ್ನೊಂದು. ಈ ದಾಖಲೆ ವ್ಯವಸ್ಥೆ ಸುಧಾರಿಸಲು ರಾಜ್ಯಗಳಿಗೆ ಕೇಂದ್ರ ಅನುದಾನ ಇದೆ, 405(ಸಿ) ಅಂತ ಕರೆಯುತ್ತಾರೆ. ಅದನ್ನು ಕೇಳುವ ರಾಜ್ಯ ಹಿಂದಿನದಕ್ಕಿಂತ ಅಳತೆಗೆ ಸಿಗುವ ಸುಧಾರಣೆ ತೋರಿಸಬೇಕು. ಅಳೆಯುವುದು ಆರು ಗುಣ: ಬೇಗ ಬಂತಾ, ಸರಿಯಿದೆಯಾ, ಪೂರ್ತಿ ಇದೆಯಾ, ಎಲ್ಲ ಕಡೆ ಒಂದೇ ರೀತಿ ಇದೆಯಾ, ಬೇರೆ ದಾಖಲೆಗೆ ಜೋಡಣೆ ಆಗುತ್ತದಾ, ಬೇಕಾದವರ ಕೈಗೆ ಸಿಗುತ್ತದಾ. ಪೊಲೀಸ್, ರಸ್ತೆ, ಆರೋಗ್ಯ, ಲೈಸೆನ್ಸ್ ವಿಭಾಗದವರು ಒಂದೇ ಮೇಜಿಗೆ ಕೂರುವ ಸಮಿತಿ ಇರಲೇಬೇಕು.

ಇಲ್ಲಿ ಎಲ್ಲ ಸರಿ ಇದೆ ಅಂತ ಹೇಳುತ್ತಿಲ್ಲ. ಆದರೆ ಮಾಹಿತಿಯನ್ನೇ ಅಳೆಯುತ್ತಾರೆ. ಮೇಡಂ, ನಿಮ್ಮ ಟಿಪ್ಪಣಿಗೆ ಇದು ಸೇರಲಿ.

---

ಖಾಕಿಕಾಲ · ಭಾನುವಾರ ರಾತ್ರಿ 9:10

ಅಳೆಯುವುದು ಒಳ್ಳೆಯದೇ. ಆದರೆ ಒಂದು ಎಚ್ಚರಿಕೆ ಇರಲಿ. ಠಾಣೆಗೆ ನಂಬರ್ ಕೊಟ್ಟು ಬೈಯಲು ಶುರು ಮಾಡಿದರೆ ನಂಬರ್ ಚೆನ್ನಾಗಿ ಕಾಣುವ ಹಾಗೆ ಬರೆಯುತ್ತಾರೆ. '48 ಗಂಟೆಯೊಳಗೆ ನೂರಕ್ಕೆ ನೂರು' ಅಂದರೆ ಖಾಲಿ ಜಾಗದಲ್ಲೆಲ್ಲ 'ಅನ್ವಯಿಸುವುದಿಲ್ಲ' ಅಂತ ಒತ್ತಿ ಕಳಿಸುತ್ತಾರೆ. ಸಣ್ಣ ಗಾಯದ ಕೇಸು ರಾಜಿಯಲ್ಲೇ ಮುಗಿದು ಹೋಗುತ್ತೆ, ದಾಖಲೇ ಆಗಲ್ಲ. ನಾನು ಕಣ್ಣಾರೆ ನೋಡಿದ್ದು.

---

ಟೆಂಡರ್‌ಕೆಲಸ · ಭಾನುವಾರ ರಾತ್ರಿ 9:35

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಏಜೆನ್ಸಿಯ ಬಿಲ್ಲನ್ನು ಕಂಪ್ಯೂಟರ್ ತಾನಾಗಿ ಕೊಡುವ ಶೇಕಡಾವಾರಿಗೆ ಕಟ್ಟಬಾರದು. ಕಟ್ಟುವುದಾದರೆ ಮಾದರಿ ತಪಾಸಣೆಗೆ ಕಟ್ಟಿ. ತಿಂಗಳಿಗೆ ಇಪ್ಪತ್ತು ದಾಖಲೆ ಚೀಟಿ ಎತ್ತಿದ ಹಾಗೆ ಆರಿಸಿ. ಎಫ್‌ಐಆರ್, ಮಹಜರ್, ವಾಹನ ತಪಾಸಣೆಯ ಐಎಂವಿ ವರದಿ, ಆಸ್ಪತ್ರೆ ಕಾಗದ ಪಕ್ಕ ಇಟ್ಟು ಹೋಲಿಸಿ. ಅದರಲ್ಲಿ ಐದಕ್ಕೆ ಸ್ಥಳಕ್ಕೇ ಹೋಗಿ ಬನ್ನಿ. ಹೋಗುವವರು ಏಜೆನ್ಸಿಯವರು ಆಗಿರಬಾರದು, ರಸ್ತೆ ಇಲಾಖೆಯವರು ಅಥವಾ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರು ಆಗಬಹುದು. ತಪ್ಪು ಸಿಕ್ಕರೆ ಠಾಣೆಗೆ ದಂಡ ಬೇಡ. ತಪ್ಪು ಹುಡುಕಿ ತಿದ್ದಿಸಿದ್ದಕ್ಕೆ ಬೆಂಬಲ ತಂಡಕ್ಕೆ ಅಂಕ ಕೊಡಿ. ಹಾಗಾದಾಗ ಮಾತ್ರ ತಪ್ಪು ಮುಚ್ಚಿಡಲು ಯಾರಿಗೂ ಕಾರಣ ಇರಲ್ಲ.

---

ವಕೀಲರು_ಧಾರವಾಡ · ಭಾನುವಾರ ರಾತ್ರಿ 10:00

ಗೌಪ್ಯತೆ ಮರೀಬ್ಯಾಡ್ರಿ. ಗಾಯಾಳು ಫೋನ್ ನಂಬರ್ ಇರುವ ದಾಖಲೆ ಅದು. ಅಪಘಾತ ಆದ ಮರುದಿನವೇ ಆಸ್ಪತ್ರೆ ಹಾಸಿಗೆ ಹತ್ರ 'ಕೇಸ್ ನಮಗ ಕೊಡ್ರಿ' ಅಂತ ಬರೋ ಮಂದಿ ಇದ್ದಾರ. ಒಬ್ಬೊಬ್ಬರಿಗೂ ಬ್ಯಾರೆ ಲಾಗಿನ್ ಇರಬೇಕು, ಯಾರು ಯಾವ ದಾಖಲೆ ತೆರೆದರು ಅನ್ನೋದು ಉಳೀಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂದದ. ಗುತ್ತಿಗೆಯಾಗ ಏಜೆನ್ಸಿ ಜವಾಬ್ದಾರಿ ಸ್ಪಷ್ಟ ಇರಲಿ.

---

ಕಾಫಿಹೂವು · ಬುಧವಾರ ಸಂಜೆ 5:50

ಇವತ್ತು ಠಾಣೆಗೆ ಹೋಗಿ ಬಂದೆವು. ರೈಟರ್ ಕಡತ ತೆಗೆದು ನೋಡಿ, ತನಿಖಾಧಿಕಾರಿಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಬದಲಾಯಿತು. 'ನೀವು ಬರದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲಮ್ಮ' ಅಂದರು. ಅಪಘಾತದ ಜಾಗ ಕೂಡ ತಪ್ಪಿತ್ತು. ನಾನು ಫೋನಿನಲ್ಲಿ ನಕ್ಷೆ ತೆರೆದು ಆ ಸೇತುವೆ ತೋರಿಸಿದೆ. ಅದನ್ನೂ ಸರಿ ಮಾಡಿದರು. ಧನ್ಯವಾದ.

---

ಹೊಂಗೆಮರ · ಗುರುವಾರ ರಾತ್ರಿ 10:15

ಅಕ್ಕಾ, ನಿಮ್ಮದು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ದೇಶದಲ್ಲಿ 2023ರಲ್ಲಿ ರಸ್ತೆ ಅಪಘಾತದಲ್ಲಿ ಹೋದವರು 1,72,890 ಜನ ಅಂತ ತಿಂಗಳ ವರದಿಯ ಮುನ್ನುಡಿಗೆ ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಆ ಕೊನೆಯ ಒಂದು ಅಂಕಿಯಲ್ಲಿ ಒಂದು ಮನೆ ಇರುತ್ತದೆ ಅಂತ ಈ ವಾರ ಕಂಡಿತು.

ಕರಡು ಬರೆದಿದ್ದೇನೆ. ಸಾರ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಗುತ್ತಿಗೆಯ ಹೆಸರು 'ಅಪಘಾತ ದಾಖಲೆ ತಾಳೆ ಮತ್ತು ಸ್ಥಳೀಯ ಬೆಂಬಲ ಸೇವೆ'. ಬೆಂಬಲದವರು ಪ್ರತಿ ಠಾಣೆಗೆ ವಾರಕ್ಕೆ ಒಂದು ದಿನ ಹೋಗಿ ಹಿಂದಿನ ವಾರದ ದಾಖಲೆಗಳನ್ನು ತನಿಖಾಧಿಕಾರಿಯ ಜೊತೆ ಕೂತು ನೋಡಬೇಕು. ಪ್ರಯಾಣ ಭತ್ಯೆ ಅಂದಾಜಿನಲ್ಲೇ ಇರಬೇಕು, ಈಗ ನಾನು ಕೈಯಿಂದ ಹಾಕುತ್ತಿದ್ದೇನೆ. ಗಂಭೀರ ಗಾಯ ಅಂತ ಇರುವ ಪ್ರತಿ ದಾಖಲೆಯನ್ನು 30 ದಿನ ಕಳೆದ ಮೇಲೆ ಆಸ್ಪತ್ರೆಯ ಜೊತೆ ಇನ್ನೊಮ್ಮೆ ತಾಳೆ ನೋಡಬೇಕು. ಇದನ್ನು ಮೊದಲ ಸಾಲಾಗಿ ಬರೆದಿದ್ದೇನೆ. ತಿಂಗಳಿಗೆ ಇಪ್ಪತ್ತು ದಾಖಲೆಗಳ ಮಾದರಿ ತಪಾಸಣೆ ಹೊರಗಿನವರಿಂದ. ದೂರು ಕೊಟ್ಟವರು ಒಪ್ಪದೆ ಟಿಕೆಟ್ ಮುಚ್ಚುವಂತಿಲ್ಲ. ಒಂದು ತಿಂಗಳು ಹಸ್ತಾಂತರ. ಹಂಚಿಕೊಂಡ ಲಾಗಿನ್ ಇಲ್ಲ. ಸಿಬ್ಬಂದಿಯ ಸಂಬಳ ಏಳನೇ ತಾರೀಖಿನೊಳಗೆ ಆಗದಿದ್ದರೆ ಏಜೆನ್ಸಿಗೆ ದಂಡ.

ಇಂಜಿನಿಯರ್ ಸರ್ ಹೇಳಿದ ತಾಳೆ ಪಟ್ಟಿಯನ್ನೂ ಸೇರಿಸಬೇಕು ಅಂತಿದ್ದೇನೆ. ಹೆದ್ದಾರಿಯ ಹಳೆಯ ನಂಬರ್, ಹೊಸ ನಂಬರ್, ಚೈನೇಜ್, ಜನ ಕರೆಯುವ ಹೆಸರು. ಮೊದಲ ಮೂರು ತಿಂಗಳ ಕೆಲಸ ಅದೇ ಆಗಲಿ. ಆದರೆ ಆ ಹೆಸರುಗಳೆಲ್ಲ ಯಾರಿಗೆ ಗೊತ್ತಿರುತ್ತವೆ?

---

ರಸ್ತೆಇಂಜಿನಿಯರ್ · ಶುಕ್ರವಾರ ಬೆಳಿಗ್ಗೆ 7:05

ಕರಡು ಚೆನ್ನಾಗಿದೆ. ಒಂದು ಸೇರಿಸಿ: ದಾಖಲೆ ತಿದ್ದಿದರೆ ಹಳೆಯದು ಅಳಿಸಿ ಹೋಗಬಾರದು. ಏನಿತ್ತು, ಏನಾಯಿತು, ಯಾರು ತಿದ್ದಿದರು ಉಳಿಯಬೇಕು. ನಾಳೆ ಕೋರ್ಟಿನಲ್ಲಿ ಕೇಳುತ್ತಾರೆ. ಚೈನೇಜ್ ಪಟ್ಟಿ ನನ್ನ ಹತ್ತಿರ ಇದೆ, ನಮ್ಮ ವಿಭಾಗದ್ದು ಕೊಡಬಲ್ಲೆ. ಊರಿನ ಹೆಸರು ನನಗೆ ಗೊತ್ತಿಲ್ಲ.

---

ಖಾಕಿಕಾಲ · ಶುಕ್ರವಾರ ಬೆಳಿಗ್ಗೆ 8:20

ಹೆಸರು ನನ್ನ ಹತ್ತಿರ ಇದೆಯಮ್ಮಾ. ಇಪ್ಪತ್ತು ವರ್ಷದ ನೋಟ್‌ಬುಕ್. ಯಾವ ತಿರುವಿಗೆ ಏನಂತಾರೆ, ಯಾವ ಮೋರಿ ಹತ್ತಿರ ನೀರು ನಿಲ್ಲುತ್ತೆ, ಯಾವ ಗುಡಿ ಕಲ್ಲು ನಂಬರ್ ಎಷ್ಟರ ಎದುರಿಗೆ ಬರುತ್ತೆ, ಎಲ್ಲ ಬರೆದಿದ್ದೇನೆ. ಕಲ್ಲಿನ ನಂಬರ್ ಹಳೆಯದು. ಭಾನುವಾರ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಬಿಡುವಾಗಿದ್ದರೆ ಮೂವರೂ ಒಂದು ಗಾಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಿ ಬರೋಣ. ನಾನು ಹೆಸರು ಹೇಳುತ್ತೇನೆ, ಅವರು ಚೈನೇಜ್ ಹೇಳಲಿ, ನೀನು ಫೋನಿನಲ್ಲಿ ಜಾಗ ಹಿಡಿದುಕೋ.

---

ರಸ್ತೆಇಂಜಿನಿಯರ್ · ಶುಕ್ರವಾರ ಬೆಳಿಗ್ಗೆ 8:31

ಆರೂವರೆಗೆ ಚೆಕ್‌ಪೋಸ್ಟ್ ಹತ್ತಿರ ಇರುತ್ತೇನೆ ಸರ್. ಮಂಜು ಇಳಿಯುವ ಮೊದಲು ಲಾರಿ ಕಮ್ಮಿ ಇರುತ್ತವೆ. ಪ್ರತಿಫಲಕ ಜಾಕೆಟ್ ಮೂರು ತರುತ್ತೇನೆ.